ಸಿಮೆಂಟು ಸರಕಾರದ್ದು, ಎಮ್ಮೆ ನನ್ನದು

೧೩-೧-೧೯೮೩, ಗುರುವಾರ, ಪುತ್ತೂರು

ಮೂರನೇ ಪೀರಿಯಡ್ಡಿನಲ್ಲಿ ಎಂಟನೇ ಕ್ಲಾಸಿನವರಿಗೆ ಹೂಜಿಯ ನೆರಳು ಹೇಗೆ ಬೀಳುತ್ತದೆಂದು ತೋರಿಸುತ್ತಿದ್ದಾಗ ಜವಾನ ಒಂದು ಸರಕಾರಿ ಲಕೋಟೆ ತಂದುಕೊಟ್ಟ. ಮೇಲೆ 'ಶ್ರೀ ಮಹಾಬಲ, ವಿನ್ಯಾಸಕಾರರು' ಎಂದು ಟೈಪು ಹೊಡೆದಿದ್ದರು. ಅದನ್ನು ಎರಡು ಸಲ ಓದಿದೆ. ಈ ಹೈಸ್ಕೂಲಿಗೆ ಬಂದಂದಿನಿಂದ ನಾನು ಡ್ರಾಯಿಂಗ್ ಮಾಷ್ಟ್ರು. ಗಣಿತದವರಿಗೆ ಪಾಠ ಮುಗಿಯದಿದ್ದರೆ ನನ್ನ ಪೀರಿಯಡ್ಡನ್ನು ಕೇಳಿ ತೆಗೆದುಕೊಳ್ಳುತ್ತಾರೆ. ಕೆಲವರು ಕೇಳುವುದೂ ಇಲ್ಲ. ನನ್ನನ್ನು ವಿನ್ಯಾಸಕಾರ ಎಂದು ಕರೆದ ಮೊದಲಿಗರು ರಸ್ತೆ ಇಲಾಖೆಯವರು.

'ಕಡಬ ಪೇಟೆಯ ಬಸ್ಸು ತಂಗುದಾಣದಲ್ಲಿ ತಾವು ೧೯೭೫ನೇ ಇಸವಿಯಲ್ಲಿ ವಿನ್ಯಾಸಗೊಳಿಸಿದ, ಮಲಗಿದ ಎಮ್ಮೆಯ ಆಕಾರದ ಸಿಮೆಂಟಿನ ಆಸನದ ಕುರಿತು' ಎಂದು ಶುರುವಾಗುತ್ತದೆ. ಒಳ್ಳೆಯ ವಾಕ್ಯ. ಮನೆಗೆ ಬಂದು ಸೀತುವಿನ ಕೈಗೆ ಕೊಟ್ಟೆ. ಮದುವೆಯಾದ ಮೇಲೆ ನನ್ನ ಹೆಸರಿನ ಜೊತೆ ಅವಳಿಗೆ ತೋರಿಸುವಂಥದ್ದು ಏನಾದರೂ ಇದ್ದದ್ದು ಇದೇ ಮೊದಲು.

ಅವಳು ಕೊನೆಯವರೆಗೂ ಓದಿದಳು. "ಎಂತ ಖುಷಿ ನಿಮಗೆ? ಎರಡನೇ ಪ್ಯಾರಾ ನೋಡಿದ್ದೀರಾ? ಒಡೀತೇವೆ ಅಂತ ಉಂಟು."

ನೋಡಿರಲಿಲ್ಲ. ಚುನಾವಣೆ ಮುಗಿದದ್ದೇ ಎಲ್ಲರಿಗೂ ರಸ್ತೆ ಅಗಲ ಮಾಡುವ ಉಮೇದು ಬಂದಿದೆ. 'ರಸ್ತೆ ಅಗಲೀಕರಣದ ನಿಮಿತ್ತ ಸದರಿ ಎಮ್ಮೆಯನ್ನು ತೆರವುಗೊಳಿಸಲಾಗುವುದು. ಅದರಲ್ಲಿ ತಮಗೆ ಯಾವುದಾದರೂ ಹಕ್ಕು ಇದ್ದಲ್ಲಿ ಕೂಡಲೇ ತಿಳಿಸತಕ್ಕದ್ದು.'

ತಿಳಿಸುತ್ತೇನೆ. ಅದರ ಹೊಟ್ಟೆಯ ಮೇಲೆ ನನ್ನ ಹೆಸರು ಕೆತ್ತಿಸದೆ ಯಾರೂ ಅದನ್ನು ಮುಟ್ಟಕೂಡದೆಂದು ಬರೆಯುತ್ತೇನೆ.

೧೬-೧-೧೯೮೩, ಆದಿತ್ಯವಾರ

ಕಡಬಕ್ಕೆ ಹೋಗಿದ್ದೆ. ಎಮ್ಮೆಯನ್ನು ನೋಡಿ ತುಂಬ ಸಮಯವಾಗಿತ್ತು. ನೋಡಿ ಹೊಟ್ಟೆ ಉರಿಯಿತು.

ನಾನು ಅದನ್ನು ಮಾಡುವಾಗ ಬೆನ್ನಿನ ಗೆರೆ ಕೊರಳಿನಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಎಳೆದ ಹಾಗೆ ಇತ್ತು. ಈಗ ಆರು ಮಂದಿಯ ಕುಂಡೆಗೆ ಆರು ತಗ್ಗು. ಪಕ್ಕೆಲುಬಿನ ಮೇಲೆ ಎಲೆಅಡಿಕೆಯ ಉಗುಳು. ಎಡಗೊಂಬಿಗೆ ಒಂದು ಕೈಚೀಲ ನೇತಾಡುತ್ತಿತ್ತು. ಒಣಮೀನಿನ ವಾಸನೆಯ ಆ ಚೀಲ ಕುಂಞಿಪಾತುಮ್ಮನದ್ದು. ಮನೆಮನೆಗೆ ಹೋಗಿ ಒಣಮೀನು ಮಾರುವ ಹೆಂಗಸು. ಬುಟ್ಟಿಯನ್ನು ಎಮ್ಮೆಯ ತಲೆಯ ಮೇಲೆ ಇಟ್ಟು ಬೆನ್ನಿನ ನಡುವೆ ಕಾಲು ಚಾಚಿ ಕೂತಿದ್ದಳು.

"ಸ್ವಲ್ಪ ಇಳಿಯುತ್ತೀರಾ? ನಾನು ಇದನ್ನು ನೋಡಬೇಕಿತ್ತು" ಎಂದೆ.

"ಕೂತೇ ನೋಡಿ ಮಾಷ್ಟ್ರೆ, ಜಾಗ ಉಂಟು" ಎಂದು ಸರಿದು ಕೂತಳು.

ಇದು ಕಲಾಕೃತಿ, ಬೆಂಚಲ್ಲ ಎಂದೆ. ಬೆಂಚಲ್ಲದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಮಾಡಿದ್ದು ಎಂದು ಕೇಳಿದಳು. ಉತ್ತರ ಇತ್ತು, ಆದರೆ ಅವಳ ಬಸ್ಸು ಬಂತು.

ಅಷ್ಟರಲ್ಲಿ ಇಡಿಕುಳರು ಬಂದರು. ತಂಗುದಾಣ ಕಟ್ಟಿಸಿಕೊಟ್ಟವರು ಅವರೇ. ಕೋಟ್ಟಯಂ ಕಡೆಯಿಂದ ಬಂದು ನೆಲ್ಯಾಡಿಯ ಹತ್ತಿರ ಕಾಡು ಕಡಿದು ರಬ್ಬರು ಹಾಕಿದವರು. ಆ ಕಾಲಕ್ಕೆ ಅವರ ಹತ್ತಿರ ಇದ್ದದ್ದು ಒಂದು ಎಮ್ಮೆ, ಹೆಸರು ಕರುಂಬಿ. ತಂಗುದಾಣಕ್ಕೆ ಹಣ ಕೊಡುವಾಗ ಕರುಂಬಿಯ ನೆನಪಿಗೆ ಒಂದು ಆಸನ ಬೇಕೆಂದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರಿಗೂ ನೋಟೀಸು ಹೋಗಿದೆಯಂತೆ.

"ಹೆದರಬೇಡಿ ಮಾಷೆ, ಎಮ್ಮೆ ನನ್ನದು ಅಂತ ಬರೆದು ಕೊಟ್ಟಿದ್ದೇನೆ" ಎಂದರು.

"ನಿಮ್ಮದು ಹೇಗಾಗುತ್ತದೆ? ರೂಪ ಕೊಟ್ಟದ್ದು ನಾನು."

"ರೂಪ ಕೊಟ್ಟದ್ದು ದೇವರು. ನೀವು ನೋಡಿ ಮಾಡಿದ್ದು. ಮುಖ ಕರುಂಬಿಯದ್ದೇ, ಎಡಕಿವಿಯ ಹರಕು ಸಹ."

ನನ್ನ ಎಮ್ಮೆಯ ಕಿವಿಯಲ್ಲಿ ಹರಕಿರುವುದು ನಿಜ. ಮಾತು ಬೆಳೆಸದೆ ಬಂದೆ.

೨೨-೧-೧೯೮೩, ಶನಿವಾರ

ವಕೀಲ ಗೌರೀಶಂಕರರನ್ನು ಅವರ ಪುತ್ತೂರಿನ ಆಫೀಸಿನಲ್ಲಿ ಕಂಡೆ. ಅವರು ದಪ್ಪ ಪುಸ್ತಕ ತೆಗೆದು, ಕನ್ನಡಕ ಒರೆಸಿ, ಬಹಳ ಹೊತ್ತು ಓದಿದರು. ಅಡಿಕೆ ತೋಟದ ಗಡಿ ತಗಾದೆಯಲ್ಲೇ ಕೂದಲು ಹಣ್ಣಾದವರು. ಇಂಥ ಕೇಸು ಅವರಿಗೂ ಹೊಸದು. ಖುಷಿಯಲ್ಲಿದ್ದರು.

"ನೋಡಿ ಮಹಾಬಲ ಮಾಷ್ಟ್ರೆ, ಇದು ಭಾರೀ ಸ್ವಾರಸ್ಯ ಉಂಟು. ವಸ್ತು ಬೇರೆ, ಅದರ ವಿನ್ಯಾಸ ಬೇರೆ. ಇಡಿಕುಳ ಸಿಮೆಂಟು ಕೊಟ್ಟರು, ಆದರೆ ದಾನ ಕೊಟ್ಟ ಮೇಲೆ ಅದು ಸರಕಾರದ್ದು. ನೆಲ ಮೊದಲೇ ಸರಕಾರದ್ದು. ವಿನ್ಯಾಸವನ್ನು ನೀವು ಯಾರಿಗೂ ಬರೆದು ಕೊಟ್ಟಿಲ್ಲ. ಹಾಗಾಗಿ ಸಿಮೆಂಟು ಸರಕಾರದ್ದು, ಎಮ್ಮೆ ನಿಮ್ಮದು."

"ಹಾಗಾದರೆ ಅವರು ಒಡೆಯುವ ಹಾಗಿಲ್ಲ ಅಲ್ವಾ?"

"ಸಿಮೆಂಟು ಒಡೆಯಬಹುದು. ಎಮ್ಮೆಗೆ ಪೆಟ್ಟಾಗಬಾರದು."

ಹಾಗೆಯೇ ಬರೆದು ಕಳಿಸಿದರು. ಮನೆಗೆ ಬರುವಾಗ ಎದೆ ಉಬ್ಬಿತ್ತು. ಸೀತು ಮಾತ್ರ ಬಚ್ಚಲಿಗೆ ನೀರು ಕಾಯಿಸುತ್ತಾ, "ಬಟ್ಟೆ ಬಿಟ್ಟು ಬಣ್ಣ ಒಗೆಯಲಿಕ್ಕೆ ಹೇಳಿದ ಹಾಗಾಯ್ತು" ಎಂದಳು.

೪-೨-೧೯೮೩, ಶುಕ್ರವಾರ

ಇಲಾಖೆಯ ಉತ್ತರ ಬಂತು. ಇಲ್ಲಿ ನಕಲು ಮಾಡಿಡುತ್ತೇನೆ, ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

'ತಮ್ಮ ವಿನ್ಯಾಸದ ಹಕ್ಕನ್ನು ಇಲಾಖೆಯು ಗೌರವಿಸುತ್ತದೆ. ಆದುದರಿಂದ ತಾವು ಸದರಿ ವಿನ್ಯಾಸವನ್ನು, ಸರಕಾರದ ಸೊತ್ತಾದ ಸಿಮೆಂಟಿಗೆ ಯಾವುದೇ ಹಾನಿಯಾಗದಂತೆ, ಸ್ವಂತ ಜವಾಬ್ದಾರಿಯಲ್ಲಿ ಬೇರೆಡೆಗೆ ಸ್ಥಳಾಂತರಿಸಿಕೊಳ್ಳಲು ಅನುಮತಿ ನೀಡಲಾಗಿದೆ.'

ಸಿಮೆಂಟನ್ನು ಅಲ್ಲೇ ಬಿಟ್ಟು ಎಮ್ಮೆಯನ್ನು ಮಾತ್ರ ತೆಗೆದುಕೊಂಡು ಹೋಗಬೇಕು.

೭-೨-೧೯೮೩, ಸೋಮವಾರ

ರಜೆ ಹಾಕಿ ಇಲಾಖೆಗೆ ಹೋದೆ. ಆ ಕಾಗದ ಬರೆದ ಓವರ್ಸಿಯರ್ ಧರ್ಮಪಾಲ ಎಂಬವರು. ಕುಹಕದ ಮನುಷ್ಯ ಇರಬಹುದೆಂದು ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ. ಹಾಗಿಲ್ಲ. ಬಡಕಲು ದೇಹ, ಮೃದು ಮಾತು, ಮೇಜಿನ ಮೇಲೆ ಬುತ್ತಿ ಪಾತ್ರೆ. ಎದ್ದು ನಿಂತು ಕುರ್ಚಿ ಕೊಟ್ಟರು.

"ನಾನು ತಮಾಷೆ ಮಾಡಿದ್ದಲ್ಲ ಮಾಷ್ಟ್ರೆ. ನಿಮ್ಮ ವಕೀಲರ ಕಾಗದಕ್ಕೆ ಸರಿಯಾಗಿ ಉತ್ತರ ಬರೀಲಿಕ್ಕೆ ಹೋದರೆ ಹಾಗೆಯೇ ಬರುದು. ಸಿಮೆಂಟು ಕೊಡ್ಲಿಕ್ಕೆ ನಮಗೆ ಅಧಿಕಾರ ಇಲ್ಲ. ಎಮ್ಮೆ ಇಟ್ಟುಕೊಳ್ಳಲಿಕ್ಕೆ ಹಕ್ಕಿಲ್ಲ."

"ಒಟ್ಟಿಗೆ ಎತ್ತಿ ಬೇರೆ ಕಡೆ ಇಡಲಿಕ್ಕೆ ನಿಯಮ ಇಲ್ಲವಾ?"

"ಮರ ಸಾಗಿಸಲಿಕ್ಕೆ ಉಂಟು. ಕಲ್ಲು, ಮರಳು, ಹೆಣ ಸಾಗಿಸಲಿಕ್ಕೂ ಉಂಟು. ವಿನ್ಯಾಸ ಸಾಗಿಸಲಿಕ್ಕೆ ನಾನು ಎಲ್ಲಿಯೂ ನೋಡಿಲ್ಲ. ಹುಡುಕ್ತೇನೆ."

ಬಾಗಿಲವರೆಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ಊರಿಗೆ ವರ್ಗಾವಣೆ ಕೇಳಿ ಏಳು ವರ್ಷ ಆಯ್ತು. ಅದಂತೂ ಆಗುದಿಲ್ಲ. ಎಮ್ಮೆಯದ್ದಾದರೂ ಆಗಲಿ ಅಂತ ನನಗೂ ಆಸೆ."

ಹೆಸರು ಕೆತ್ತಿಸುವ ವಿಷಯ ಎತ್ತಬೇಕೆಂದಿದ್ದೆ. ಮರೆತುಹೋಯಿತು. ಮುಂದಿನ ಸಲ.

೧೩-೩-೧೯೮೩, ಆದಿತ್ಯವಾರ

ಇಡಿಕುಳರು ಬೆಳಿಗ್ಗೆಯೇ ಮನೆಗೆ ಬಂದರು. ಕೈಯಲ್ಲಿ ಒಂದು ಗೋಣಿಚೀಲ ಮರಗೆಣಸು, ಕಂಕುಳಲ್ಲಿ ಒಂದು ಸ್ಟಾಂಪು ಕಾಗದ. ನನ್ನ ಜೊತೆ ವ್ಯಾಜ್ಯ ಬೇಡವೆಂದು ತೀರ್ಮಾನಿಸಿದ್ದಾರಂತೆ. ಸೂಸಮ್ಮ, ಎಂದರೆ ಅವರ ಹೆಂಡತಿ, ಬೈದಳಂತೆ: ಸತ್ತ ಎಮ್ಮೆಗೋಸ್ಕರ ಬದುಕಿರುವ ಮಾಷ್ಟ್ರ ಹತ್ತಿರ ಜಗಳ ಎಂಥದ್ದು ಎಂದು.

"ಕರುಂಬಿಯ ಮುಖದ ಹಕ್ಕನ್ನು ನಿಮಗೆ ಬಿಟ್ಟುಕೊಟ್ಟಿದ್ದೇನೆ ಮಾಷೆ. ಓದಿ."

ಓದಿದೆ. ಕೆಳಗೆ ಇಡಿಕುಳರ ರುಜು. ಅದರ ಪಕ್ಕದಲ್ಲಿ ಕಪ್ಪು ಶಾಯಿಯಲ್ಲಿ, ಅರ್ಧಚಂದ್ರದ ಹಾಗೆ ಎರಡು ದೊಡ್ಡ ಗುರುತು.

"ಇದು ಎಂತ?"

"ಗೊರಸು. ಕರುಂಬಿಯ ಮಗಳದ್ದು. ಈಗ ಅವಳೊಬ್ಬಳೇ ವಾರಸು. ಸರಕಾರದವರು ನಾಳೆ ಕೇಳಬಾರದಲ್ಲ, ಅದಕ್ಕೆ." ನಗದೆ ಹೇಳಿದರು. "ಸುಮ್ಮನೆ ಒತ್ತಲಿಲ್ಲ. ಶಾಯಿ ಹಚ್ಚಲಿಕ್ಕೆ ಹೋದ ಐಸಕ್ಕನಿಗೆ ಒದೆ ಬಿದ್ದಿದೆ." ಐಸಕ್ ಅವರ ತಮ್ಮ.

ಸೀತು ಒಳಗಿನಿಂದ ಕಾಫಿ ತಂದವಳು ಕಾಗದ ನೋಡಿ, ಲೋಟ ಇಟ್ಟು, ಒಳಗೆ ಹೋಗಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಗೊರಸಿನ ಗುರುತು ನೋಡುತ್ತಿದ್ದಾಗ, ಮುಂಗಾಲಿನ ಸಂದು ನಾನು ಮಾಡಿದ್ದಕ್ಕಿಂತ ಸ್ವಲ್ಪ ಅಗಲ ಇರಬೇಕಿತ್ತು ಅನ್ನಿಸಿತು.

ಇಡಿಕುಳಚ್ಚಾಯ (ಊರವರು ಅವರನ್ನು ಕರೆಯುವುದು ಹಾಗೆ) ಹೋದ ಮೇಲೆ ಮರಗೆಣಸು ಬೇಯಿಸಿದೆವು. ಒಳ್ಳೆಯದಿತ್ತು.

೨೬-೩-೧೯೮೩, ಶನಿವಾರ

ಧರ್ಮಪಾಲರು ದಾರಿ ಕಂಡುಹಿಡಿದಿದ್ದಾರೆ. ಹೇಳಿ ಕಳಿಸಿದ್ದರು, ಹೋದರೆ ಮುಖ ಅರಳಿತ್ತು.

"ರಸ್ತೆಗೆ ಅಡ್ಡ ಮಲಗಿದ ಎಮ್ಮೆಯನ್ನು ಎಂತ ಮಾಡುದು, ಹೇಳಿ."

"ಓಡಿಸುದು."

"ಓಡದಿದ್ದರೆ?"

"ದೊಡ್ಡಿಗೆ ಕಳಿಸುದು."

"ಅಷ್ಟೇ. ಅದಕ್ಕೆ ನಿಯಮ ಉಂಟು. ಬೀಡಾಡಿ ದನ, ಎಮ್ಮೆ ಯಾವುದೇ ಆಗಲಿ, ರಸ್ತೆಗೆ ಅಡ್ಡಿಯಾದರೆ ಹಿಡಿದು ಪಂಚಾಯತಿನ ದೊಡ್ಡಿಯಲ್ಲಿ ಕೂಡಿಹಾಕಬಹುದು. ಯಜಮಾನ ಬಂದು ತನ್ನದೆಂದು ಹೇಳಿ, ದಂಡ ಕಟ್ಟಿ ಬಿಡಿಸಿಕೊಂಡು ಹೋಗಬಹುದು. ನಿಯಮದಲ್ಲಿ ಎಮ್ಮೆ ಅಂತ ಉಂಟು. ಅದಕ್ಕೆ ಜೀವ ಇರಬೇಕು ಅಂತ ಎಲ್ಲಿಯೂ ಬರೆದಿಲ್ಲ. ಮೂರು ಸಲ ಓದಿದ್ದೇನೆ."

"ಸಿಮೆಂಟಿನದ್ದು?"

"ಎಮ್ಮೆಯ ಮೈಯಲ್ಲಿ ಎಂತ ಉಂಟು ಅಂತ ದೊಡ್ಡಿಯವರು ಕೇಳುದಿಲ್ಲ."

ನಾನು ಅವರ ಮುಖ ನೋಡಿದೆ. ಅವರು ನನ್ನದು ನೋಡಿದರು. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ.

೧೦-೪-೧೯೮೩, ಆದಿತ್ಯವಾರ

ಇಂದು ಎಮ್ಮೆಯನ್ನು ಹಿಡಿದರು.

ಬೆಳಿಗ್ಗೆ ಬುಡದ ಕಾಂಕ್ರೀಟನ್ನು ಉಳಿಯಿಂದ ಬಿಡಿಸಿ, ಕೆಳಗೆ ತೆಂಗಿನ ಕಾಂಡ ಕೊಟ್ಟು, ಹತ್ತು ಹದಿನೈದು ಜನ ಹಾರೆ ಹಾಕಿ ಮೀಟಿದರು. ನಾನು ಒಂದು ಕಡೆ ನಿಂತವನು ಯಾವಾಗ ಹಗ್ಗ ಹಿಡಿದೆನೋ ಗೊತ್ತಿಲ್ಲ. ಅಂಗೈ ಸುಲಿದಿದೆ, ಬರೆಯಲು ಕಷ್ಟ. ಧರ್ಮಪಾಲರು ಪಂಚನಾಮೆ ಬರೆಯುತ್ತಿದ್ದರು: 'ಬಣ್ಣ ಬೂದಿ. ಕೊಂಬು ಎರಡು. ಎಡಕಿವಿ ಹರಿದಿದೆ. ಹಿಡಿಯಲು ಹೋದಾಗ ಎಮ್ಮೆ ಪ್ರತಿರೋಧ ತೋರಲಿಲ್ಲ.'

ಕುಂಞಿಪಾತುಮ್ಮ ಬಂದು ಖಾಲಿ ಜಾಗ ನೋಡಿದಳು. ಬುಟ್ಟಿ ತಲೆಯ ಮೇಲೇ ಇತ್ತು, ಇಳಿಸಲು ಜಾಗವಿಲ್ಲ. "ಇದಕ್ಕೆ ಎಂತ ತಪ್ಪು ಮಾಡಿದ್ದಕ್ಕೆ ಜೈಲು?" ಎಂದು ಕೇಳಿದಳು.

ಲಾರಿಯ ತ್ಯಾಂಪಣ್ಣ ಹತ್ತಿಸುವಾಗ ಬಾಲದ ತುದಿ ಹಲಗೆಗೆ ತಾಗಿ ಬೆರಳಷ್ಟು ಮುರಿಯಿತು. ನಾನು ಅದನ್ನು ಕರ್ಚೀಫಿನಲ್ಲಿ ಕಟ್ಟಿ ಕಿಸೆಗೆ ಹಾಕಿಕೊಂಡೆ.

ದೊಡ್ಡಿ ಎಂದರೆ ಮುರಕಲ್ಲಿನ ಗೋಡೆ, ಮೇಲೆ ಮಾಡು ಇಲ್ಲ. ಒಳಗೆ ಎರಡು ನಿಜವಾದ ದನ, ಒಂದು ಕೋಣಗರು. ಕಾವಲಿನವನು ನಿಯಮದ ಪ್ರಕಾರ ನಮ್ಮ ಎಮ್ಮೆಯ ಮುಂದೆಯೂ ಹುಲ್ಲು ಹಾಕಿದ. ದನಗಳು ಬಂದು ತಿಂದವು. ಬಿಸಿಲು ಜೋರಿತ್ತು. ಬರುವಾಗ ತಿರುಗಿ ನೋಡಿದರೆ ಕೋಣಗರು ಅದರ ನೆರಳಿನಲ್ಲಿ ಮಲಗಿತ್ತು.

೧೫-೪-೧೯೮೩, ಶುಕ್ರವಾರ

ಹೆಡ್‌ಮಾಸ್ತರರು ಮನೆಗೆ ಕರೆಸಿದ್ದರು. ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಎರಡೂ ಒಂದೇ ತಟ್ಟೆಯಲ್ಲಿ.

ಜಿಲ್ಲೆಯ ಉತ್ತಮ ಶಿಕ್ಷಕರ ಪಟ್ಟಿಗೆ ನನ್ನ ಹೆಸರು ಹೋಗಿದೆಯಂತೆ. ಡ್ರಾಯಿಂಗ್ ಮಾಷ್ಟ್ರ ಹೆಸರು ಹೋಗುವುದು ಇದೇ ಮೊದಲಂತೆ. ಶಾಲು, ಹಾರ, ಹಿತ್ತಾಳೆಯ ಫಲಕದಲ್ಲಿ ಕೊರೆದ ಹೆಸರು.

"ಆದರೆ ಈ ಎಮ್ಮೆಯದ್ದು ಎಂತ ಮಾರಾಯ್ರೆ?" ಪಂಚಾಯತಿನ ನೋಟೀಸಿನ ನಕಲು ಅವರಿಗೂ ಬಂದಿತ್ತು. ಯಜಮಾನ ಸರಕಾರಿ ನೌಕರನಾದರೆ ಮೇಲಧಿಕಾರಿಗೂ ತಿಳಿಸಬೇಕಂತೆ. "ಎಮ್ಮೆ ನಿಮ್ಮದು ಅಂತ ಹೇಳಿದ್ರೆ, ಸಾರ್ವಜನಿಕ ರಸ್ತೆಯಲ್ಲಿ ಜಾನುವಾರು ಬಿಟ್ಟದ್ದಕ್ಕೆ ನಿಮಗೆ ದಂಡ ಆಗ್ತದೆ. ಅದು ಸರ್ವಿಸ್ ಪುಸ್ತಕಕ್ಕೆ ಹೋಗ್ತದೆ. ಆಮೇಲೆ ಪ್ರಶಸ್ತಿ ಬಂದ ಹಾಗೆಯೇ."

"ಸರ್, ಅದು ಸಿಮೆಂಟಿನ ಎಮ್ಮೆ."

"ಅದನ್ನು ಯಾರಿಗೆ ವಿವರಿಸುದು? ಕಾಗದದಲ್ಲಿ ಎಮ್ಮೆ ಅಂತಲೇ ಉಂಟು. ನೀವು ನನ್ನದಲ್ಲ ಅಂತ ಒಂದು ಸಾಲು ಬರೆದುಬಿಡಿ. ಹರಾಜಾಗಿ ಹೋಗಲಿ. ಯಾರೋ ಪಂಚಾಂಗಕ್ಕೆ ಹಾಕಲಿಕ್ಕೆ ಒಡೆದು ತಗೊಂಡು ಹೋಗ್ತಾರೆ."

ಪಂಚಾಂಗ ಎಂದರೆ ಮನೆಯ ಅಡಿಪಾಯ. ಒಡೆದ ಕಾಂಕ್ರೀಟಿಗೆ ಈಗ ಒಳ್ಳೆಯ ಬೇಡಿಕೆ ಉಂಟು.

ವಿಚಾರಣೆ ಇಪ್ಪತ್ತೊಂದಕ್ಕೆ.

೧೬-೪-೧೯೮೩

ಬರೆಯಲು ಏನೂ ಇಲ್ಲ.

೧೮-೪-೧೯೮೩

ಸೀತು ಕೇಳಿದಳು, ಎಂತ ಮಾಡ್ತೀರಿ ಎಂದು. ಗೊತ್ತಿಲ್ಲ ಎಂದೆ. "ಶಾಲು ಬಂದರೆ ಒಳ್ಳೆಯದೇ. ಚಳಿಗೆ ಆಗ್ತದೆ" ಎಂದಳು. ಪುತ್ತೂರಿನಲ್ಲಿ ಚಳಿ ಯಾವಾಗ.

೨೧-೪-೧೯೮೩, ಗುರುವಾರ

ಮೊದಲಿನಿಂದ ಬರೆಯುತ್ತೇನೆ.

ಪಂಚಾಯತು ಆಫೀಸಿನಲ್ಲಿ ಅಧ್ಯಕ್ಷರು ಕೂತಿದ್ದರು. ಅವರು ಹೊಸಬರು, ಕಡಬದ ತಂಗುದಾಣದಲ್ಲಿ ಎಂದೂ ಬಸ್ಸಿಗೆ ಕಾದವರಲ್ಲ, ಅವರಿಗೆ ಜೀಪು ಉಂಟು. ಹೊರಗೆ ಜಾನುವಾರು ವ್ಯಾಪಾರಿಗಳು ಬೀಡಿ ಸೇದುತ್ತಿದ್ದರು. ಅವರಲ್ಲೊಬ್ಬ ನನ್ನ ಹತ್ತಿರ ಬಂದು, "ಎಷ್ಟನೇ ಸೂಲು?" ಎಂದು ಕೇಳಿದ. ಗಬ್ಬ ಇಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ.

ನನ್ನ ಕಿಸೆಯಲ್ಲಿ 'ಸದರಿ ಎಮ್ಮೆ ನನ್ನದಲ್ಲ' ಎಂದು ಬರೆದ ಕಾಗದ ಇತ್ತು. ಹೆಡ್‌ಮಾಸ್ತರರೇ ಒಕ್ಕಣೆ ಹೇಳಿಕೊಟ್ಟದ್ದು. ಕರೆಯುವ ಮೊದಲು ಒಂದು ಸಲ ದೊಡ್ಡಿಯ ಕಡೆ ಹೋಗಿ ಬರೋಣವೆಂದು ಹೋದೆ. ನೋಡಿದರೆ ಗೋಡೆಯ ಆಚೆ ಕುಂಞಿಪಾತುಮ್ಮ. ದೊಡ್ಡಿಯ ಒಳಗೆ ಬಂದು ಎಮ್ಮೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ಕಾವಲಿನವನು, ಆಚೆ ಇಬ್ಬರು ಯಾರೋ ಬುತ್ತಿ ಬಿಚ್ಚಿಕೊಂಡು.

"ಇಲ್ಲಿಗೆ ಬಸ್ಸು ಬರುದಿಲ್ಲವಲ್ಲ" ಎಂದೆ.

"ಬರುದಿಲ್ಲ. ಕಾಲು ನೋಯ್ತದೆ. ನಮಗೆ ಕೂರಲಿಕ್ಕೆ ಬೇರೆ ಯಾರು ಮಾಡಿ ಇಟ್ಟಿದ್ದಾರೆ?"

ಆಗ ಒಳಗಿನಿಂದ ಕರೆದರು.

ಅಧ್ಯಕ್ಷರು ಕಾಗದ ನೋಡುತ್ತಲೇ ಕೇಳಿದರು: "ಈ ಎಮ್ಮೆ ಯಾರದ್ದು?"

"ನನ್ನದು" ಎಂದೆ.

"ಎಷ್ಟು ಸಮಯದಿಂದ ರಸ್ತೆಯಲ್ಲಿ ಬಿಟ್ಟಿದ್ದೀರಿ?"

"ಎಂಟು ವರ್ಷದಿಂದ."

ಅವರು ತಲೆ ಎತ್ತಿದರು. "ಎಂಟು ವರ್ಷ ಒಂದೇ ಕಡೆ ಮಲಗಿತ್ತಾ? ನೀವು ಒಮ್ಮೆಯೂ ಬಂದು ಎಬ್ಬಿಸಲಿಲ್ಲವಾ?"

"ಇಲ್ಲ."

"ಓದಿದವರು ನೀವು. ಮೂಕಪ್ರಾಣಿ ಅಲ್ವಾ ಅದು?"

ಮೂಲೆಯಲ್ಲಿದ್ದ ಧರ್ಮಪಾಲರು ಕೆಮ್ಮಿದರು. ನಾನು ತಪ್ಪಾಯಿತು ಎಂದೆ. ಗುಮಾಸ್ತ ಬರೆದು ಓದಿ ಹೇಳಿದ: 'ನನ್ನ ಎಮ್ಮೆಯನ್ನು ಎಂಟು ವರ್ಷ ಕಾಲ ಸಾರ್ವಜನಿಕ ರಸ್ತೆಯಲ್ಲಿ ಮಲಗಲು ಬಿಟ್ಟದ್ದು ನನ್ನ ಅಲಕ್ಷ್ಯ. ಇನ್ನು ಮುಂದೆ ಕಟ್ಟಿಹಾಕಿ ಸಾಕುತ್ತೇನೆ.' ಕೆಳಗೆ ರುಜು ಹಾಕಿದೆ. ದಂಡ ಕಟ್ಟಿದೆ.

ಈಗ ಅದು ಪೂರ್ತಿ ನನ್ನದು, ಸಿಮೆಂಟು ಸಮೇತ. ಗೌರೀಶಂಕರರಿಗೆ ಹೇಳಿದರೆ ನಂಬಲಿಕ್ಕಿಲ್ಲ.

ಸೀತು ನನ್ನ ಅಂಗೈಗೆ ತೆಂಗಿನೆಣ್ಣೆ ಹಚ್ಚಿದಳು.

೧-೫-೧೯೮೩, ಆದಿತ್ಯವಾರ

ಎಲ್ಲಿ ಇಡುವುದೆಂದೇ ದೊಡ್ಡ ತಲೆನೋವು. ಪುತ್ತೂರಿನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ತುಳಸಿಕಟ್ಟೆಗೇ ಜಾಗ ಸಾಲದು.

ಇಡಿಕುಳಚ್ಚಾಯರು ತಮ್ಮ ತೋಟದ ಗೇಟಿನ ಹತ್ತಿರ ಜಾಗ ತೋರಿಸಿದರು. ಸುತ್ತ ಸರಪಳಿ ಹಾಕಿ, ಹೂವಿನ ಗಿಡ ನೆಟ್ಟು, ಮುಂದೆ ಅಮೃತಶಿಲೆಯಲ್ಲಿ 'ವಿನ್ಯಾಸ: ಮಹಾಬಲ ಮಾಸ್ತರ್, ಪುತ್ತೂರು' ಎಂದು ಕೆತ್ತಿಸುತ್ತೇನೆಂದರು. ಅಕ್ಷರ ಬರೆದೂ ತಂದಿದ್ದರು, ಚಂದ ಇತ್ತು. "ಒಬ್ಬನೂ ಮೇಲೆ ಕೂರುದಿಲ್ಲ ಮಾಷೆ. ನಾಯಿ ಕಟ್ತೇನೆ."

ನಾನು ಯೋಚಿಸಿ ಹೇಳುತ್ತೇನೆಂದೆ. ರಬ್ಬರು ತೋಟದಲ್ಲಿ ತಂಪು ಜಾಸ್ತಿ, ಪಾಚಿ ಹಿಡಿಯುತ್ತದೆ. ಸಿಮೆಂಟಿಗೆ ಅದು ಒಳ್ಳೆಯದಲ್ಲ. ಹಾಗಾಗಿ ಬೇಡವೆಂದು ನಾಳೆ ಹೇಳಬೇಕು. ಬೇರೆ ಕಾರಣ ಏನೂ ಇಲ್ಲ.

೧೫-೫-೧೯೮೩, ಆದಿತ್ಯವಾರ

ಧರ್ಮಪಾಲರ ಜೊತೆ ಕಡಬದಿಂದ ಪಂಜಕ್ಕೆ ಹೋಗುವ ರಸ್ತೆಯಲ್ಲಿ ನಡೆದೆ. ಅವರ ತಲೆಯಲ್ಲಿ ಏನೋ ಇತ್ತು, ಬಾಯಿ ಬಿಡಲಿಲ್ಲ. ಒಂದು ತಿರುವಿನಲ್ಲಿ ನಿಂತರು. ಅಲ್ಲಿ ರಸ್ತೆಯ ಪಕ್ಕ ಕುಂಞಿಪಾತುಮ್ಮನ ಮನೆ, ಅಂಗಳದ ತುದಿಯಲ್ಲಿ ಒಂದು ಗಡಿಕಲ್ಲು.

"ಈಚೆ ಪುತ್ತೂರು ತಾಲೂಕು, ಆಚೆ ಸುಳ್ಯ ತಾಲೂಕು" ಎಂದರು. "ರಸ್ತೆಬದಿಯಲ್ಲಿ ಎಲ್ಲಿ ಇಟ್ಟರೂ ನಾಳೆ ಇನ್ನೊಬ್ಬ ಓವರ್ಸಿಯರ್ ಬಂದು ತೆಗೀರಿ ಅಂತಾನೆ. ಗಡಿಯ ಮೇಲೆ ಮಲಗಿಸಿದರೆ? ತಲೆ ಸುಳ್ಯದಲ್ಲಿ, ಬಾಲ ಪುತ್ತೂರಿನಲ್ಲಿ. ಮುಟ್ಟಬೇಕಾದರೆ ಎರಡೂ ಕಡೆಯವರು ಒಟ್ಟಿಗೆ ಒಪ್ಪಬೇಕು. ನನ್ನ ಸರ್ವಿಸಿನಲ್ಲಿ ಎರಡು ಆಫೀಸು ಒಟ್ಟಿಗೆ ಒಪ್ಪಿದ್ದನ್ನು ನಾನು ಕಂಡಿಲ್ಲ."

ಕುಂಞಿಪಾತುಮ್ಮ ಅಂಗಳದಲ್ಲಿ ಮೀನು ಮಗುಚುತ್ತಿದ್ದಳು. ಇಲ್ಲಿ ಎಮ್ಮೆ ಇಡಬಹುದಾ ಎಂದು ಕೇಳಿದೆ.

"ಇಡಿ. ಇಲ್ಲಿ ಬಸ್ಸು ನಿಲ್ಲುದಿಲ್ಲ. ಎರಡು ತಿರುವು ಆಚೆ ಇಳಿದು ನಡೆದು ಬರುದು ನಾನು. ಬಂದು ಕೂರಲಿಕ್ಕಾದರೂ ಆಗ್ತದೆ."

"ಯಾರು ಬೇಕಾದರೂ ಬಂದು ಕೂರ್ತಾರೆ, ಅಂಗಳದಲ್ಲಿ ಜನ ಆಗ್ತದೆ" ಎಂದೆ.

"ಕೂರಲಿಕ್ಕಲ್ವಾ ಮಾಡಿದ್ದು" ಎಂದಳು.

ಹೌದು ಎಂದೆ.

೨೯-೫-೧೯೮೩, ಆದಿತ್ಯವಾರ

ಎಮ್ಮೆಯನ್ನು ಮಲಗಿಸಿದೆವು. ಮಳೆಗೆ ಮೊದಲು ಆಗಲಿ ಎಂದು ಎಲ್ಲರೂ ಸೇರಿದರು. ಇಡಿಕುಳಚ್ಚಾಯ, ಐಸಕ್, ತ್ಯಾಂಪಣ್ಣನ ಲಾರಿ. ಧರ್ಮಪಾಲರು ಗಡಿಕಲ್ಲಿಗೆ ನೂಲು ಕಟ್ಟಿ ಹಿಡಿದರು. ನೂಲು ಸರಿಯಾಗಿ ಮೂರನೇ ಪಕ್ಕೆಲುಬಿನ ಮೇಲೆ ಹೋಯಿತು. ಮುರಿದ ಬಾಲವನ್ನು ಸಿಮೆಂಟು ಕಲಸಿ ಅಂಟಿಸಿದೆ. ಮುಂಗಾಲಿನ ಸಂದನ್ನೂ ಸ್ವಲ್ಪ ಅಗಲ ಮಾಡಿದೆ.

ಬೆನ್ನಿನ ತಗ್ಗುಗಳನ್ನು ತುಂಬಿಸಿ ಗೆರೆ ಸರಿ ಮಾಡಿಕೊಡಲಾ ಎಂದು ಐಸಕ್ ಕೇಳಿದ, ಕರಣೆ ಹಿಡಿದುಕೊಂಡು. ಬೇಡ, ಕೂರಲು ಹಿತವಾಗಿರುವುದೇ ಆ ತಗ್ಗಿನಿಂದ ಎಂದೆ.

ಹೆಸರು ಎಲ್ಲಿ ಕೆತ್ತುದು ಎಂದು ಅಚ್ಚಾಯ ಕೇಳಿದರು. ಆಗ ಸೂಸಮ್ಮ ಕಳಿಸಿದ ಬುತ್ತಿ ಬಿಚ್ಚಿದರು. ಹಸಿವಾಗಿತ್ತು, ಊಟಕ್ಕೆ ಕೂತೆವು. ಒಂದೇ ಸಾಲಿನಲ್ಲಿ, ಅರ್ಧ ಜನ ಸುಳ್ಯದಲ್ಲಿ, ಅರ್ಧ ಜನ ಪುತ್ತೂರಿನಲ್ಲಿ.

೫-೯-೧೯೮೩, ಸೋಮವಾರ

ಪ್ರಶಸ್ತಿಯ ಪಟ್ಟಿ ಬಂತು. ಇನ್ನೊಬ್ಬರಿಗೆ ಬಂದಿದೆ, ಗಣಿತದವರು. ಸೀತು ಪತ್ರೊಡೆ ಮಾಡಿದ್ದಳು. ಜೋರು ಮಳೆ.

೯-೧೦-೧೯೮೩, ಆದಿತ್ಯವಾರ

ಧರ್ಮಪಾಲರು ಬಂದಿದ್ದರು. ಎರಡು ಸುದ್ದಿ.

ಒಂದು: ಪುತ್ತೂರಿನ ಆಫೀಸು ಸುಳ್ಯಕ್ಕೆ ಬರೆದಿದೆಯಂತೆ, ನಿಮ್ಮ ತಾಲೂಕಿನಲ್ಲಿರುವ ತಲೆಯನ್ನು ನೀವು ಮೊದಲು ತೆರವುಗೊಳಿಸಿದರೆ ನಾವು ಉಳಿದದ್ದನ್ನು ತೆರವುಗೊಳಿಸುತ್ತೇವೆ ಎಂದು. ಸುಳ್ಯದಿಂದ ಉತ್ತರ ಬಂತಂತೆ: ಎಮ್ಮೆ ಎದ್ದರೆ ಹಿಂಗಾಲಿನಿಂದ ಮೊದಲು ಏಳುತ್ತದೆ, ಆದ್ದರಿಂದ ಪುತ್ತೂರಿನವರೇ ಆರಂಭಿಸತಕ್ಕದ್ದು ಎಂದು. "ಇನ್ನು ಹತ್ತಿಪ್ಪತ್ತು ವರ್ಷ ತೊಂದರೆ ಇಲ್ಲ" ಎಂದರು ಧರ್ಮಪಾಲರು.

ಎರಡು: ಅವರಿಗೆ ವರ್ಗಾವಣೆ ಆಗಿದೆ. ಅವರ ಊರಿಗಲ್ಲ, ಇನ್ನೂ ದೂರಕ್ಕೆ. ಕಾಫಿ ಕುಡಿದರು. ಹೊರಡುವಾಗ ನಾನು ಬಿಡಿಸಿದ ಒಂದು ಚಿತ್ರ ಕೊಟ್ಟೆ. ಪೆನ್ಸಿಲಿನದ್ದು: ಎಮ್ಮೆ ಮಲಗಿದೆ, ನೂಲು ಹಿಡಿದು ಒಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಅವರು ನೋಡಿ, "ಇದನ್ನು ನಾನು ಬೇರೆ ಜಿಲ್ಲೆಗೆ ತಗೊಂಡು ಹೋಗಬಹುದಾ? ಬರೆದು ಕೊಡ್ತೀರಾ?" ಎಂದು ಕೇಳಿದರು. ಬರೆದು ಕೊಡುವುದೇನೂ ಬೇಡ, ತೆಗೆದುಕೊಂಡು ಹೋಗಿ ಎಂದೆ.

೧೮-೧೨-೧೯೮೩, ಆದಿತ್ಯವಾರ

ಕೆಲಸವಿರಲಿಲ್ಲ, ಸುಮ್ಮನೆ ಕಡಬಕ್ಕೆ ಹೋಗಿ ಪಂಜದ ಬಸ್ಸು ಹತ್ತಿದೆ. ರಷ್ಷು. ಕಂಬ ಹಿಡಿದು ನಿಂತೆ. ಕಂಡಕ್ಟರ್ ಹೊಸ ಹುಡುಗ. ನಾನು ಇಳಿಯಬೇಕಾದ ಜಾಗಕ್ಕೆ ಹೆಸರಿಲ್ಲ, ಬಸ್ಸು ನಿಲ್ಲುವುದೂ ಇಲ್ಲ. ಎಲ್ಲಿಗೆ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಗಡಿಕಲ್ಲು ಎಂದರೆ ತಿಳಿಯಲಿಕ್ಕಿಲ್ಲ. ಎರಡು ತಿರುವು ಆಚೆಯ ಸ್ಟಾಪಿಗೆ ಕೇಳುವುದೇ ಲೇಸು ಅಂದುಕೊಂಡೆ.

ಮುಂದೆ ಮಗುವನ್ನು ಎತ್ತಿಕೊಂಡು ಕೂತಿದ್ದ ಹೆಂಗಸು ಚಿಲ್ಲರೆ ಚಾಚಿದಳು. "ಒಂದು ಎಮ್ಮೆ, ಒಂದು ಅರ್ಧ ಎಮ್ಮೆ."

"ಮಗುವಿಗೆ ಎಷ್ಟು ವರ್ಷ?" ಎಂದ ಕಂಡಕ್ಟರ್.

"ಮೂರು ಆಗಿಲ್ಲ."

"ಹಾಗಾದರೆ ಅರ್ಧ ಎಮ್ಮೆ ಬೇಡ. ಒಂದು ಸಾಕು." ಟಿಕೆಟು ಹರಿದು ಕೊಟ್ಟು ಹಿಂದಕ್ಕೆ ಕೂಗಿದ: "ಎಮ್ಮೆ ಇನ್ನು ಯಾರುಂಟು? ಎಮ್ಮೆ ಇಳಿಯುವವರು ಬಾಗಿಲ ಹತ್ತಿರ ಬನ್ನಿ."

ಹಿಂದಿನಿಂದ ಎರಡು ಎಮ್ಮೆ, ಮೂರು ಎಮ್ಮೆ ಎಂದು ಕೈಗಳು ಬಂದವು. ನನ್ನ ಹತ್ತಿರ ಬಂದು ನಿಂತ.

"ನಿಮಗೆ?"

"ಒಂದು ಎಮ್ಮೆ" ಎಂದೆ.

ಅವನು ನನ್ನ ಮುಖ ನೋಡದೆ ಹರಿದು ಕೊಟ್ಟು ಮುಂದೆ ಹೋದ.

ಇಳಿದು ನೋಡಿದರೆ ಎಮ್ಮೆಯ ಮೇಲೆ ಕೂರಲು ಜಾಗವಿರಲಿಲ್ಲ. ಮುಂದಿನ ಬಸ್ಸು ಬರುವವರೆಗೆ ಅದರ ತಲೆಯ ಹತ್ತಿರ, ಸುಳ್ಯ ತಾಲೂಕಿನಲ್ಲಿ, ನಿಂತುಕೊಂಡೇ ಇದ್ದೆ.